ನನ್ನ ಗುಲಾಬಿ ಶರಬತ್ತಿಗೆ ಬಂದ ಅಪವಾದಗಳು

ನಿಜಾಮರ ಕಾಲ. ಕೊಪ್ಪಳದ ನಮ್ಮ ಓಣಿಯಲ್ಲಿ ಬೇಸಿಗೆ ಬಂತೆಂದರೆ ನಾನು ಶರಬತ್ತು ಮಾಡುವುದು, ಯಾರಾದರೊಬ್ಬರು ಅದರ ಮಾನ ತೆಗೆಯುವುದು, ಎರಡೂ ತಪ್ಪುತ್ತಿರಲಿಲ್ಲ. ಮಾಡುವುದೇನು ಸುಲಭವೇ? ನಸುಕಿನಲ್ಲಿ ಗುಲಾಬಿ ಎಸಳು ಬಿಡಿಸಬೇಕು, ಲಾವಂಚದ ಬೇರು ಹಾಕಿದ ಗಡಿಗೆ ನೀರಿನಲ್ಲಿ ನೆನೆಸಬೇಕು, ಸಕ್ಕರೆ ಪಾಕ ಹಿಡಿಯಬೇಕು, ಪುದೀನ ಜಜ್ಜಿ ಹಿಂಡಬೇಕು, ಮೇಲೆ ಅರಿವೆಯಲ್ಲಿ ಸೋಸಬೇಕು. ಇಷ್ಟು ಮಾಡಿದವಳಿಗೆ ಸಿಕ್ಕ ಮರ್ಯಾದೆ ಕೇಳಿ.

೧. ಮದುವೆ ಮನೆ

ಕುಷ್ಟಗಿಯಲ್ಲಿ ನನ್ನ ನಾದಿನಿಯ ಮಗಳ ಮದುವೆ. ಬೀಗರಿಗೆಂದು ನಾನೇ ಮಾಡಿದ ಎರಡು ಬಾಟಲಿ ಒಯ್ದಿದ್ದೆ. ಒಂದರಲ್ಲಿ ಕುಡಿಯುವ ಗಟ್ಟಿ ಶರಬತ್ತು, ಇನ್ನೊಂದರಲ್ಲಿ ಚಿಮುಕಿಸುವ ಪನ್ನೀರು. ಯಾವುದು ಯಾವುದೆಂದು ಬಿಡಿಸಿ ಹೇಳಿಯೂ ಇದ್ದೆ. ನಾದಿನಿ ಕೇಳಿಸಿಕೊಂಡಿದ್ದರೆ ತಾನೇ? ಶರಬತ್ತನ್ನು ಗುಲಾಬದಾನಿಗೆ ತುಂಬಿಸಿ ಬಾಗಿಲಿಗೆ ಕಳಿಸಿದ್ದಳು. ಅಕ್ಷತೆಯ ಹೊತ್ತಿಗೆ ಬೀಗರ ಮೀಸೆಯೆಲ್ಲ ಅಂಟಂಟು, ರುಮಾಲಿನ ಮೇಲೆಲ್ಲ ನೊಣ.

ನಾನು ಒಳಗೆ ಹೋಗಿ, “ಅದು ಕುಡಿಯೋದಿತ್ತು, ಎಲ್ಲಾರ ಮ್ಯಾಲ ಸುರಿದು ಕುಂತೀಯಲ್ಲ” ಎಂದು ಗದರಿದೆ.

ಅವಳ ಮುಖ ಸಪ್ಪಗಾಯಿತು. “ಹಂಗಾರ ಬೀಗರೆಲ್ಲಾ ಛಲೋ ಐತಿ ಅಂತ ಎರಡೆರಡು ಲೋಟ ಕುಡಿದದ್ದು ಪನ್ನೀರೇನ್ರಿ ವೈನಿ?”

೨. ಯಲಬುರ್ಗಾದ ಹಿರಿಯರು

ನಮ್ಮ ಮಾವನವರ ಹಳೆಯ ಗೆಳೆಯರೊಬ್ಬರು ಯಲಬುರ್ಗಾದಿಂದ ಬಂದಿದ್ದರು. ಇರುವೆ ಸಾಲು ಕಂಡರೆ ಸುತ್ತು ಹಾಕಿ ನಡೆಯುವ ಮನುಷ್ಯ. ಬಿಸಿಲಲ್ಲಿ ಬಂದಿದ್ದಾರೆಂದು, ನೆನೆಸಿದ ಕಾಮಕಸ್ತೂರಿ ಬೀಜ ಹಾಕಿ ಗಾಜಿನ ಲೋಟದ ತುಂಬ ಶರಬತ್ತು ಕೊಟ್ಟೆ. ಆ ಬೀಜ ಉಬ್ಬಿದರೆ ಸುತ್ತಲೂ ಲೋಳೆ, ನಡುವೆ ಕಪ್ಪು ಚುಕ್ಕೆ.

ಅವರು ಲೋಟವನ್ನು ಬೆಳಕಿಗೆ ಹಿಡಿದು, “ತಂಗೀ, ಇದರಾಗ ಕಪ್ಪಿ ತತ್ತಿ ಅದಾವ” ಎಂದರು.

“ಅವು ಬೀಜ ಅದಾವ್ರಿ, ಹೊಟ್ಟಿಗೆ ತಂಪು” ಎಂದೆ.

“ಏನರ ಇರಲಿ, ಜೀವ ಅಂದ್ರ ಜೀವಾನ” ಎಂದು ಎದ್ದು ಹೋಗಿ, ಹಿತ್ತಲ ಬಾವಿಗೆ ಮೆಲ್ಲಗೆ ಸುರಿದು ಬಂದರು. ನನಗೆ ಮೈ ಉರಿಯಿತು. ಸೋಸಿ ಸೋಸಿ ನನ್ನ ಕೈ ನೋಯುತ್ತಿತ್ತು.

ಎಂಟು ದಿನಕ್ಕೆ ಮಾವನವರಿಗೆ ಅವರ ಕಾಗದ ಬಂತು. “ಇತ್ತ ಎಲ್ಲರೂ ಕ್ಷೇಮ. ನಿಮ್ಮ ಬಾವಿಯಲ್ಲಿ ಕಪ್ಪೆ ಮರಿಗಳು ಹೇಗಿವೆ, ತಿಳಿಸುವುದು.”

೩. ಎದುರು ಮನೆ

ಅದನ್ನೂ ನುಂಗಿಕೊಂಡೆ. ಇದನ್ನು ಮಾತ್ರ ನುಂಗಲಾಗಲಿಲ್ಲ. ಎದುರು ಮನೆಯಾತ ದಿನಾ ಸಂಜೆ ನಮ್ಮ ಕಟ್ಟೆಯ ಹತ್ತಿರ ನಿಂತು, “ಬಿಸಿಲು ಭಾಳ ಐತ್ರಿ ಅಕ್ಕಾರ” ಎನ್ನುತ್ತಿದ್ದ. ಬಿಸಿಲಿಗೆ ಬಳಲಿ ತೂರಾಡುತ್ತಾನೆಂದು ನಾನೂ ಕನಿಕರದಿಂದ ಶರಬತ್ತು ಕೊಡುತ್ತಿದ್ದೆ. ಅವನು ಬರುತ್ತಿದ್ದದ್ದು ಸೇಂದಿ ಅಂಗಡಿಯಿಂದ, ನನ್ನ ಶರಬತ್ತು ಕುಡಿಯುತ್ತಿದ್ದದ್ದು ಬಾಯಿ ವಾಸನೆ ಮುಚ್ಚಲು ಎಂದು ನನಗೆ ಹೇಗೆ ತಿಳಿಯಬೇಕು?

ಒಂದು ದಿನ ಅವನ ಹೆಂಡತಿ ಸೆರಗು ಸಿಕ್ಕಿಸಿಕೊಂಡು ಬಂದಳು. “ನಮ್ಮ ಮನಿಯವ್ರಿಗೆ ದಿನಾ ಏನು ಕುಡಸ್ತೀರಿ? ನಿಮ್ಮ ಶರಬತ್ತ ತಲಿಗೇರತೈತಿ ಅಂತ ಅವ್ರ ಹೇಳ್ಯಾರ.”

ಓಣಿಯ ಹೆಂಗಸರೆಲ್ಲ ಕೂಡಿಬಿಟ್ಟರು. ಹುಟ್ಟಿದಾಗಿನಿಂದ ಸೇಂದಿ ಅಂಗಡಿಯ ದಿಕ್ಕಿಗೂ ನೋಡದವಳು ನಾನು. ಸಿಟ್ಟಿಗೆ ಗಡಿಗೆಯನ್ನೇ ಹೊರಗೆ ತಂದು, ಎಲ್ಲರೆದುರು ಮೂರು ಲೋಟ ಗಟಗಟ ಕುಡಿದೆ. ಕಟ್ಟೆಯ ಅಂಚಿನ ಮೇಲೆ ಆ ತುದಿಯಿಂದ ಈ ತುದಿಗೆ ನೆಟ್ಟಗೆ ನಡೆದು ತೋರಿಸಿದೆ.

“ನೋಡ್ರಿ ಎಲ್ಲಾರೂ, ಎಲ್ಲೆರ ಕಾಲು ತಪ್ಪೇತೇನು?”

ಅವಳು ನನ್ನನ್ನು ಕೆಳಗಿನಿಂದ ಮೇಲಿನವರೆಗೆ ನೋಡಿದಳು. ಆಮೇಲೆ ಉಳಿದ ಹೆಂಗಸರ ಕಡೆ ತಿರುಗಿ ಮೆಲ್ಲಗೆ ಹೇಳಿದಳು:

“ಅಕ್ಕಾರಿಗೆ ರೂಢಿ ಆಗೇತಿ.”