ಮೂವ್ ಮತ್ತು ರಿಮೂವ್ ನಡುವೆ ಒಂದು ಮೇಜು

ನಮ್ಮ ಮನೆಯಲ್ಲಿ ಇನ್ನು ಮುಂದೆ ಒಂದೇ ಒಂದು ಇಂಗ್ಲಿಷ್ ಪದವೂ ತಪ್ಪು ಅರ್ಥದಲ್ಲಿ ಓಡಾಡಕೂಡದು! ಸೋಮವಾರ ಬೆಳಿಗ್ಗೆ ಹಲ್ಲುಜ್ಜುತ್ತಾ ನಾನು ಮಾಡಿದ ಭೀಷ್ಮ ಪ್ರತಿಜ್ಞೆ ಇದು. ಕಾರಣ ನನ್ನ ಹೆಂಡತಿ. ಆಸ್ಪತ್ರೆಯಲ್ಲಿ ನರ್ಸು, ಕೆಲಸದಲ್ಲಿ ಬಲು ಚುರುಕು. ಆದರೆ ಅವಳ ಬಾಯಲ್ಲಿ ಮೂವ್‌ಗೂ ರಿಮೂವ್‌ಗೂ ಒಂದೇ ಬೆಲೆ. "ಈ ಬಕೆಟ್ ರಿಮೂವ್ ಮಾಡಿ ಆ ಕಡೆ ಇಡಿ" ಅನ್ನುತ್ತಾಳೆ. ಆಫೀಸಿನಲ್ಲಿ ಸಾಹೇಬರ ಪತ್ರಗಳನ್ನೇ ತಿದ್ದುವ ನಾನು ಇದನ್ನು ಹೇಗೆ ಸಹಿಸಲಿ?

"ನೋಡು, ಮೂವ್ ಅಂದ್ರೆ ವರ್ಗಾವಣೆ. ರಿಮೂವ್ ಅಂದ್ರೆ ವಜಾ! ಎರಡಕ್ಕೂ ಅಜಗಜಾಂತರ," ಎಂದು ಬಾಯಲ್ಲಿ ಬ್ರಷ್ ಇಟ್ಟುಕೊಂಡೇ ಪಾಠ ಮಾಡಿದೆ.

"ಸರಿ ಮೇಷ್ಟ್ರೇ. ಮೊದ್ಲು ಆ ನೊರೆ ವಜಾ ಮಾಡಿ," ಎಂದು ಅವಳು ಡ್ಯೂಟಿಗೆ ಹೊರಟಳು.

ಅಂದು ನನಗೆ ರಜೆ. ಹನ್ನೊಂದು ಗಂಟೆಗೆ ಅವಳ ಫೋನು. ಹಿಂದೆ ಟ್ರಾಲಿಗಳ ಗಡಗಡ, ಯಾರೋ ಯಾರನ್ನೋ ಕೂಗುವ ಗಲಾಟೆ. ನನ್ನ ಕಿವಿಗೆ ಬಿದ್ದದ್ದು ಇಷ್ಟು: "ಕಿಟಕಿ ಹತ್ರ ಹಳೇ ಮೇಜು ಇದ್ಯಲ್ಲ, ಅದನ್ನ ರಿಮೂವ್ ಮಾಡಿ! ಮರೀಬೇಡಿ, ಇವತ್ತೇ!" ಫೋನ್ ಕಟ್.

ನನಗೆ ಆನಂದವೋ ಆನಂದ! ಬೆಳಗಿನ ಪಾಠ ಮಧ್ಯಾಹ್ನದೊಳಗೇ ಫಲ ಕೊಟ್ಟಿತ್ತು. ಇಷ್ಟು ಪಾಠ ಕೇಳಿದ ಮೇಲೂ ರಿಮೂವ್ ಅಂದಳೆಂದರೆ ಅರ್ಥ ತಿಳಿದೇ ಅಂದಿರಬೇಕು. ಮೇಜಿನ ಡ್ರಾಯರಿಗೆ ಬೀಗ ಹಾಕಿತ್ತು. ಅಲುಗಾಡಿಸಿದರೆ ಒಳಗೆ ಕಾಗದಗಳು ಸರಪರ ಎಂದವು. ಹಳೇ ಪೇಪರಿರಬೇಕು ಎಂದುಕೊಂಡು, ಬೀದಿಯಲ್ಲಿ ಹೋಗುತ್ತಿದ್ದ ಗುಜರಿಯವನನ್ನು ಕೂಗಿ ಕರೆದು, ಮೇಜನ್ನು ಪುಕ್ಕಟೆಯಾಗಿ ವಜಾ ಮಾಡಿಯೇಬಿಟ್ಟೆ.

ಎರಡು ಗಂಟೆಗೆ ಮತ್ತೆ ಫೋನು.

"ಮೇಜು ಮೂವ್ ಮಾಡಿದ್ರಾ? ಪೇಂಟರ್ ಇವತ್ತೇ ಬರ್ತಾನೆ, ಗೋಡೆ ಖಾಲಿ ಇರ್ಬೇಕು."

"ಮೂ... ಮೂವಾ? ಬೆಳಿಗ್ಗೆ ರಿಮೂವ್ ಅಂದ್ಯಲ್ಲೇ?"

"ಇಲ್ವಲ್ಲ! 'ರೀ, ಮೂವ್ ಮಾಡಿ' ಅಂದೆ. ನೀವೇ ತಾನೇ ಹೇಳ್ಕೊಟ್ಟಿದ್ದು? ಸರಿಯಾಗಿ ಹೇಳಿದ್ನಾ?"

"ಬಹಳ... ಸರಿಯಾಗಿ."

"ಡ್ರಾಯರ್ ಹುಷಾರು. ನನ್ನ ಸರ್ಟಿಫಿಕೇಟೆಲ್ಲ ಅದ್ರಲ್ಲೇ ಇದೆ. ನಾಳೆ ಹತ್ತು ಗಂಟೆಗೆ ಒರಿಜಿನಲ್ ತೋರಿಸ್ದಿದ್ರೆ ಹೆಡ್ ನರ್ಸ್ ಕೆಲ್ಸ ಬೇರೆಯವ್ರ ಪಾಲು. ಎಷ್ಟು ದೂರ ಸರಿಸಿದ್ರಿ?"

"ಸ್ವಲ್ಪ... ಜಾಸ್ತೀನೇ ಸರಿದಿದೆ."

ಹದಿನಾರು ವರ್ಷ ಯಾವ ಪಾಳಿಗೂ ಬೇಡ ಅನ್ನದೆ ದುಡಿದು ಅವಳು ಕಾದಿದ್ದ ಕೆಲಸ! ಅದನ್ನು ನಾನು ಕೈಯಾರೆ ಗುಜರಿ ಗಾಡಿಗೆ ಹತ್ತಿಸಿ, ಹಿಂದಿನಿಂದ ತಳ್ಳಿಯೂ ಕೊಟ್ಟಿದ್ದೆ. ಎಡಗಾಲಿಗೆ ನನ್ನ ಚಪ್ಪಲಿ, ಬಲಗಾಲಿಗೆ ಅವಳದು. ಎದ್ದೆನೋ ಬಿದ್ದೆನೋ ಎಂದು ಓಟ ಕಿತ್ತೆ.

ಆ ಗಾಡಿ ಹೋಗಿ ಸೇರುವ ಗುಜರಿ ಅಂಗಡಿಯ ಯಜಮಾನಿ ತಕ್ಕಡಿಯಿಂದ ತಲೆಯೆತ್ತದೆ ಹೇಳಿದಳು: "ಆ ಮೇಜಾ? ಒಳ್ಳೇ ಮರ ಅಂತ ಬಡಗಿ ತಗೊಂಡ್ಹೋದ."

"ಯಾಕೆ?"

"ಪೂಜೆಗಾ ಮತ್ತೆ? ಕೊಯ್ಯೋಕೆ!"

ಬಡಗಿಯ ಶೆಡ್ಡು ಎರಡು ಬೀದಿ ಆಚೆ. ದಾರಿಯುದ್ದಕ್ಕೂ ನನ್ನ ಕಿವಿಯಲ್ಲಿ ಗರಗಸದ್ದೇ ಸದ್ದು. ಒಳಗೆ ನುಗ್ಗಿ ನೋಡಿದರೆ ಮೇಜಿನ ನಾಲ್ಕೂ ಕಾಲು ಮೂಲೆಯಲ್ಲಿ, ಗರಗಸ ಡ್ರಾಯರಿನ ನೆತ್ತಿಯ ಮೇಲೆ!

"ನಿಲ್ಸೀ! ಅದ್ರೊಳಗೆ ನನ್ನ ಹೆಂಡ್ತಿ ಇದಾಳೆ!"

ಬಡಗಿ ಗರಗಸ ಬಿಟ್ಟು ಮೂರು ಹೆಜ್ಜೆ ಹಿಂದಕ್ಕೆ ಹಾರಿದ. "ಡ್ರಾಯರೊಳಗಾ?!"

"ಅಲ್ಲಪ್ಪ, ಹೆಂಡ್ತಿ... ಹೆಂಡ್ತಿ ಸರ್ಟಿಫಿಕೇಟು!"

"ಮದ್ವೆ ಸರ್ಟಿಫಿಕೇಟಾ? ಇನ್ನೊಂದ್ಸಲ ಯೋಚ್ನೆ ಮಾಡಿ ಸಾರ್, ಕೊಯ್ದೇಬಿಡ್ಲಾ?"

ನನಗೆ ನಗುವ ತ್ರಾಣವಿರಲಿಲ್ಲ. ನಾಲ್ಕು ಕಾಲುಗಳನ್ನು ಬೆನ್ನಿಗೆ ಕಟ್ಟಿಸಿಕೊಂಡು, ಉಳಿದ ಮೇಜನ್ನು ತಲೆಯ ಮೇಲೆ ಹೊತ್ತು ಏದುಸಿರು ಬಿಡುತ್ತಾ ಮನೆ ತಲುಪಿದೆ. ಬಾಗಿಲಲ್ಲಿ ಪೇಂಟರ್ ನಿಂತಿದ್ದ. ಅವನ ಪಕ್ಕದಲ್ಲಿ ಡ್ಯೂಟಿ ಮುಗಿಸಿ ಬಂದ ಹೆಂಡತಿ!

ಮೇಜನ್ನು ಇಳಿಸಿದ್ದೇ ತಡ, ಅವಳು ಬೀಗ ತೆಗೆದು ಒಂದೊಂದೇ ಹಾಳೆ ತಿರುವಿದಳು. ಕಡೆಯ ಹಾಳೆಯೂ ಸಿಕ್ಕಿತು. ಫೈಲನ್ನು ಎದೆಗೊತ್ತಿಕೊಂಡು ಅವಳು ಗೋಡೆಗೆ ಒರಗಿದಳು. ಅವಳ ಕಣ್ಣಲ್ಲಿ ನೀರು ನೋಡಿ ನನಗೆ ನಿಜಕ್ಕೂ ನಾಚಿಕೆಯಾಯಿತು. ಅಲ್ಲಿಗೆ ಬಾಯಿ ಮುಚ್ಚಿಕೊಂಡಿದ್ದರೆ ಬಚಾವಾಗುತ್ತಿದ್ದೆ.

"ತಪ್ಪು ನಂದಲ್ಲ ಕಣೇ, ನಿನ್ನ ಆ 'ರೀ'ದು," ಎಂದುಬಿಟ್ಟೆ!

ಮರುದಿನ ಅವಳು ಹೆಡ್ ನರ್ಸ್ ಆದಳು. ಅಂದಿನಿಂದ ನನ್ನನ್ನು 'ರೀ' ಎಂದು ಕರೆಯುವುದನ್ನೇ ಬಿಟ್ಟಳು. ಟೀವಿಗೆ ಅಡ್ಡ ನಿಂತರೂ ಅಷ್ಟೇ, ಅಡುಗೆಮನೆಯಲ್ಲಿ ಎದುರು ಸಿಕ್ಕರೂ ಅಷ್ಟೇ, ಈಗ ಒಂದೇ ಪದ:

"ಮೂವ್!"

ಅರ್ಥದಲ್ಲಿ ಯಾವ ಗೊಂದಲವೂ ಇಲ್ಲ. ಸರಿದು ನಿಲ್ಲುತ್ತೇನೆ.