ನನ್ನ ಕಾರಿನ ತುಕ್ಕು, ಊರವರ ಔಷಧ

ಮನುಷ್ಯರಿಗೆ ಬರುವ ಕಾಯಿಲೆಗೆ ಊರಿನವರು ನನ್ನ ಹತ್ತಿರ ಔಷಧ ಕೇಳುತ್ತಿದ್ದರು. ನನ್ನ ಕಾರಿನ ಕಾಯಿಲೆಗೆ ಮಾತ್ರ ಎಲ್ಲರೂ ಕೇಳದೆಯೇ ಔಷಧ ಕೊಡುತ್ತಿದ್ದರು. ಎಪ್ಪತ್ತರ ದಶಕದ ಕೊನೆಯ ಮಾತು ಇದು. ಬೆಳಗಾವಿಯ ಮನೆಯಿಂದ ಖಾನಾಪುರದ ನನ್ನ ಹೆರಿಗೆ ದವಾಖಾನೆಗೆ ದಿನಾ ಒಂದು ಸೆಕೆಂಡ್ ಹ್ಯಾಂಡ್ ಕಾರಿನಲ್ಲಿ ಹೋಗಿಬರುತ್ತಿದ್ದೆ. ಖಾನಾಪುರದ ಮಳೆ ಜೂನ್‌ನಲ್ಲಿ ಹಿಡಿದರೆ ಗಣಪತಿ ಹಬ್ಬ ಕಳೆದರೂ ಬಿಡುತ್ತಿರಲಿಲ್ಲ. ಕಾರಿಗೆ ತುಕ್ಕು ಹತ್ತಿತು. ಮಳೆಯನ್ನು ನಾನು ಕ್ಷಮಿಸಿದ್ದೇನೆ. ಜನರನ್ನು ಇನ್ನೂ ಇಲ್ಲ.

ಮೀನಿನ ಲಾರಿ

ಬೆಳಗಾವಿಯ ಕೋಟೆಯ ಹತ್ತಿರ ಗ್ಯಾರೇಜು ಇಟ್ಟಿದ್ದ ಮೇಸ್ತ್ರಿಯೊಬ್ಬ ನನ್ನ ಕಾರು ನೋಡಿಕೊಳ್ಳುತ್ತಿದ್ದ. ಒಮ್ಮೆ ಕಾರಿನ ಕೆಳಗಿಂದ ಎದ್ದು ಬಂದವನೇ, ಮಳೆನೀರಿಗಿಂತ ಉಪ್ಪುನೀರು ಕೆಟ್ಟದ್ದು, ಗೋವಾ ಕಡೆಯಿಂದ ಬರುವ ಮೀನಿನ ಲಾರಿಗಳ ಹಿಂದೆ ಮಾತ್ರ ಹೋಗಬೇಡಿ, ಅವು ಸುರಿಸುವ ನೀರು ತಗಡು ತಿನ್ನುತ್ತದೆ ಎಂದ.

ಅದೇ ವಾರ ಸಂಜೆ ಮನೆಗೆ ಬರುವಾಗ ರೈಲ್ವೆ ಗೇಟು ಹಾಕಿತ್ತು. ನನ್ನ ಹಿಂದೆ ಬಸ್ಸು, ಮುಂದೆ ಸೋರುತ್ತಿರುವ ಮೀನಿನ ಲಾರಿ. ದಾರಿಯುದ್ದಕ್ಕೂ ಅದರ ನೀರು ನನ್ನ ಕಾರಿಗೆ ಸಿಡಿದಿತ್ತು. ಇಳಿದು ಹೋಗಿ ಡ್ರೈವರನನ್ನು ಚೆನ್ನಾಗಿ ದಬಾಯಿಸಿದೆ. ಉಪ್ಪು, ತಗಡು, ಜವಾಬ್ದಾರಿ, ಎಲ್ಲ ಹೇಳಿದೆ. ಅವನು ಪೂರ್ತಿ ಕೇಳಿ, ತಪ್ಪಾಯಿತು ಎಂದು ಒಪ್ಪಿಕೊಂಡು, ಎರಡು ಬಂಗಡೆ ಮೀನು ಕಾಗದದಲ್ಲಿ ಸುತ್ತಿ ನನ್ನ ಕೈಯಲ್ಲಿಟ್ಟ. ನಮ್ಮದು ಲಿಂಗಾಯತರ ಮನೆ, ಮೊಟ್ಟೆ ಕೂಡ ಹೊಸ್ತಿಲು ದಾಟಿದ್ದಿಲ್ಲ. ಬೇಡ ಅನ್ನುವಷ್ಟರಲ್ಲಿ ಗೇಟು ತೆರೆಯಿತು, ಬಸ್ಸಿನವನು ಹಾರ್ನ್ ಹೊಡೆಯತೊಡಗಿದ.

ಎಸೆಯಲು ಜಾಗ ಸಿಗದೆ ಸೀದಾ ಗ್ಯಾರೇಜಿಗೆ ಹೋಗಿ ಮೇಸ್ತ್ರಿಗೆ ಕೊಟ್ಟು ಬಂದೆ. ಮರುದಿನ ಅವನ ಮುಖದಲ್ಲಿ ಹೊಸ ಕಳೆ.

"ಡಾಕ್ಟರ್ ಬಾಯಿ, ಮೀನಿನ ಲಾರಿ ಹಿಂದ ಹೋಗಬ್ಯಾಡ್ರಿ ಅಂದಿದ್ದೆ, ಖರೇ. ಆದ್ರ ಹೋಗೂದ ಆದ್ರ, ಬಂಗಡಿ ಬ್ಯಾಡ, ಸುರಮಯಿ ಮೀನ ಇದ್ದ ಲಾರಿ ನೋಡಿ ಹೋಗ್ರಿ."

ಹೊಟ್ಟೆ ತೊಳೆದದ್ದು

ಮರುವರ್ಷ ಮಳೆಗಾಲಕ್ಕೆ ಮುಂಚೆ ಮೇಸ್ತ್ರಿ ಕಾರಿನ ತಳಕ್ಕೆಲ್ಲ ಸುಟ್ಟ ಆಯಿಲು ಬಳಿದ. ಎಂಜಿನ್ನಿನಿಂದ ತೆಗೆದ ಹಳೆಯ ಕಪ್ಪು ಎಣ್ಣೆ. ಅದು ಇರುವ ತನಕ ನೀರು ತಗಡಿಗೆ ಮುಟ್ಟುವುದಿಲ್ಲ, ಮಳೆಗಾಲವೆಲ್ಲ ನಿಶ್ಚಿಂತೆ ಎಂದ. ಅವನು ಅರ್ಧ ದಿನ ಕಾರಿನ ಕೆಳಗೇ ಇದ್ದ, ನಾನು ಅರ್ಧ ದಿನ ಅವನ ತಲೆಯ ಮೇಲೆ ನಿಂತಿದ್ದೆ.

ಎರಡು ದಿನಕ್ಕೆ ಖಾನಾಪುರದಾಚೆಯ ಬೀಡಿ ಎಂಬ ಊರಿನಿಂದ ಕರೆ ಬಂತು. ಕೂಸು ಅಡ್ಡ ಇದೆ, ಸೂಲಗಿತ್ತಿಯ ಕೈ ಸೋತಿದೆ. ಓಡಿದೆ. ಬಹಳ ಹೊತ್ತು ಒದ್ದಾಡಿದ ಮೇಲೆ ಗಂಡುಕೂಸು ಹೊರಬಂದು ಅತ್ತಿತು. ಕೈ ತೊಳೆದುಕೊಂಡು ಅಂಗಳಕ್ಕೆ ಬಂದರೆ ನನ್ನ ಕಾರಿನ ಕೆಳಗಿಂದ ನಾಲ್ಕು ಜೋಡಿ ಕಾಲುಗಳು ಕಾಣುತ್ತಿದ್ದವು. ಕೂಸಿನ ಅಪ್ಪ, ಅವನ ಅಣ್ಣತಮ್ಮಂದಿರು. ಬೂದಿ, ಸೀಮೆಎಣ್ಣೆ, ತೆಂಗಿನ ನಾರು ಹಿಡಿದು ತಿಕ್ಕುತ್ತಿದ್ದಾರೆ. ನನ್ನ ಆಯಿಲಿನ ಒಂದು ಹನಿಯೂ ಉಳಿದಿರಲಿಲ್ಲ. ತಗಡು ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಅಷ್ಟರಲ್ಲೇ ಮಳೆ ಶುರುವಾಯಿತು.

ನಾನು ಸಿಟ್ಟಿನಿಂದ ಬಗ್ಗಿ ಬಗ್ಗಿ ಕಾರಿನ ತಳ ನೋಡಿದೆ. ಕೂಸಿನ ಅಪ್ಪ ಅದನ್ನು ಸಂತೋಷ ಅಂದುಕೊಂಡ. ಕೈ ಮುಗಿದು ಹೇಳಿದ:

"ನಮ್ಮ ಕೂಸಿನ ಮೈ ನೀವು ಸ್ವಚ್ಛ ಮಾಡಿದ್ರಿ. ನಿಮ್ಮ ಗಾಡಿ ಹೊಟ್ಟಿ ನಾವು ಸ್ವಚ್ಛ ಮಾಡೇವ್ರಿ ಬಾಯಾರ."

ಬಾಳಕದ ಮೆಣಸಿನಕಾಯಿ

ಹೊರಗಿನವರನ್ನಾದರೂ ಬೈಯಬಹುದು, ಅತ್ತೆಯವರನ್ನು ಏನು ಮಾಡುವುದು? ಒಂದು ಬೇಸಿಗೆಯ ರಜೆಯ ದಿನ ಮಧ್ಯಾಹ್ನ ಹೊರಗೆ ಬಂದು ನೋಡುತ್ತೇನೆ, ಕಾರಿನ ನೆತ್ತಿಯ ಮೇಲೆ ಉಪ್ಪು ಹಾಕಿದ ಮಜ್ಜಿಗೆಯಲ್ಲಿ ನೆನೆಸಿದ ಮೆಣಸಿನಕಾಯಿ ಒಣಹಾಕಿದ್ದಾರೆ. ಮಾಳಿಗೆ ಹತ್ತಲು ಮೊಣಕಾಲು ನೋವಂತೆ. ತಗಡು ಚೆನ್ನಾಗಿ ಕಾಯುತ್ತದಂತೆ. ನಾನು ಉಪ್ಪಿನ ಬಗ್ಗೆ ಮೇಸ್ತ್ರಿ ಹೇಳಿದ್ದನ್ನೆಲ್ಲ ಒಪ್ಪಿಸಿದೆ.

"ಅದು ನನಗೂ ತಿಳೀತೈತಿ. ಅದಕ್ಕ ಬುಡಕ ಅರಿಬಿ ಹಾಸೇನಿ" ಅಂದರು.

ಆ ಅರಿವೆ ಉಪ್ಪುನೀರು ಕುಡಿದು ತೊಯ್ದು ತಗಡಿಗೆ ಅಂಟಿಕೊಂಡಿತ್ತು. ನಾಲ್ಕು ದಿನದ ರಜೆಯ ಮೊದಲ ದಿನವೇ ಹಾಸಿದ್ದರಂತೆ, ನಾನು ಕಾರಿನ ಕಡೆ ಬಂದಿರಲೇ ಇಲ್ಲ. ಎಳೆದು ತೆಗೆದರೆ ಬಣ್ಣವೂ ಜೊತೆಗೇ ಎದ್ದು ಬಂತು. ನ್ಯಾಯ ಕೇಳೋಣ ಅಂತ ವಕೀಲರಾದ ನಮ್ಮ ಮನೆಯವರ ಹತ್ತಿರ ಒಳಗೆ ಹೋದೆ. ಅವರು ಆಗಲೇ ಸಾಕ್ಷಿಯನ್ನು ಕರಿಸಿಕೊಂಡು ಮೊಸರನ್ನದ ಜೊತೆ ತಿನ್ನುತ್ತಿದ್ದರು.

ನೀರು ಹೋದದ್ದು

ತಾಯಿ, ಕೂಸು ಇಬ್ಬರೂ ಸುಖವಾಗಿ ಪಾರಾದರು ಅಂತಲೇ ಇದನ್ನು ಹೇಳುತ್ತಿದ್ದೇನೆ.

ಒಂದು ಜುಲೈ ಮಧ್ಯಾಹ್ನ ದವಾಖಾನೆಗೆ ಬಂದ ಬಸುರಿಗೆ ರಕ್ತದೊತ್ತಡ ಏರಿತ್ತು. ಬೆಳಗಾವಿಯ ದೊಡ್ಡ ಆಸ್ಪತ್ರೆಗೆ ಒಯ್ಯಲೇಬೇಕು. ಬೇರೆ ವಾಹನ ಸಿಗಲಿಲ್ಲ. ಅವಳನ್ನೂ ಅವಳ ಅತ್ತೆಯನ್ನೂ ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ನಾನೇ ಹೊರಟೆ. ಮಳೆ ಎಂದರೆ ಎದುರಿನ ರಸ್ತೆ ಕಾಣದಂಥ ಮಳೆ. ಅತ್ತೆ ದಾರಿಯುದ್ದಕ್ಕೂ ನನಗೆ ಬುದ್ಧಿ ಹೇಳುತ್ತಿದ್ದಳು, ಸಾವಕಾಶ ಹೋಗ್ರಿ, ಜಲ್ದಿ ಹೋಗ್ರಿ ಅಂತ, ಎರಡನ್ನೂ ಒಟ್ಟಿಗೆ. ಬಸುರಿ ಮಾತ್ರ ಸುಮ್ಮನಿದ್ದಳು. ನನಗೆ ಅದೇ ಹೆದರಿಕೆ.

ನೀರು ನಿಂತ ಒಂದು ತಗ್ಗಿನಲ್ಲಿ ಕಾರು ಧಡ್ ಅಂತ ಇಳಿದು ಎದ್ದಿತು. ಹಿಂದಿನಿಂದ ಅತ್ತೆ ಚೀರಿದಳು.

"ಬಾಯಾರ, ನಿಲ್ಲಸ್ರಿ. ನೀರು ಹೋತ್ರಿ. ಸೀರಿ ಎಲ್ಲಾ ತೋದೈತ್ರಿ."

ದಾರಿಯಲ್ಲೇ ಹೆರಿಗೆಯ ನೀರು ಹೋದರೆ, ಅದೂ ಆ ರಕ್ತದೊತ್ತಡದಲ್ಲಿ, ನಡುರಸ್ತೆಯಲ್ಲಿ ನಾನೊಬ್ಬಳೇ ಏನು ಮಾಡಲಿ? ಕಾರು ಬದಿಗೆ ಹಾಕಿ, ಬ್ಯಾಗು ಹಿಡಿದು, ಮಳೆಯಲ್ಲಿ ತೊಯ್ಯುತ್ತ ಹಿಂದಿನ ಬಾಗಿಲು ತೆಗೆದೆ. ಬಸುರಿಯ ಸೀರೆ ಮೊಣಕಾಲಿನ ತನಕ ಒದ್ದೆ. ಅತ್ತೆ ದೇವರನ್ನು ಕರೆಯುತ್ತಿದ್ದಳು. ಹೊಟ್ಟೆ ನೋವು ಶುರುವಾಯಿತೇ, ಎಷ್ಟು ನೀರು ಹೋಯಿತು ಎಂದು ನಾನು ಕೇಳುತ್ತಲೇ ಇದ್ದೆ.

ಆ ಹುಡುಗಿ ಮೆಲ್ಲಗೆ ಕಾಲು ಬದಿಗೆ ಸರಿಸಿ ಕೆಳಗೆ ತೋರಿಸಿದಳು. ತುಕ್ಕು ತಿಂದ ತಳದಲ್ಲಿ ಅಂಗೈಯಗಲ ತೂತು. ಅದರೊಳಗಿಂದ ಖಾನಾಪುರ ರಸ್ತೆ ಕಾಣುತ್ತಿತ್ತು. ಸುತ್ತಲೂ ಚಾಪೆಯ ತುಂಬ ಕೆಂಪು ರಾಡಿ.

"ನನಗೇನೂ ಆಗಿಲ್ರಿ ಬಾಯಾರ," ಅಂದಳು. "ನೀರು ಹೋಗಿದ್ದು ನಿಮ್ಮ ಕಾರಿಗ್ರಿ."