ಬಿಲ್ಡರನ ಹೊಲಕ್ಕೆ ಚರಗ ಚೆಲ್ಲಿದ್ದು

ಬೀದರಿನಲ್ಲಿ ಹೊಲವಿಲ್ಲದವನಿಗೆ ತನಗೆ ಹೊಲವಿಲ್ಲ ಎಂಬ ಸಂಗತಿ ಚುಚ್ಚುವುದು ವರ್ಷದಲ್ಲಿ ಒಂದೇ ದಿನ, ಎಳ್ಳಮಾವಾಸ್ಯೆಯಂದು. ಅವತ್ತು ಊರಿಗೆ ಊರೇ ಸಜ್ಜೆ ರೊಟ್ಟಿ, ಹಸಿಕಾಳು-ಸೊಪ್ಪು ಕೂಡಿಸಿ ಬೇಯಿಸಿದ ಭಜ್ಜಿ, ಅಂಬಲಿ ಕಟ್ಟಿಕೊಂಡು ಹೊಲಕ್ಕೆ ಹೊರಡುತ್ತದೆ. ಅಡಿಗೆಯನ್ನು ಬೆಳೆಯ ಮೇಲೆ ಚೆಲ್ಲುತ್ತಾ ಹೊಲ ಸುತ್ತಿ ಭೂಮಿತಾಯಿಗೆ ಉಣಿಸುವುದೇ ಚರಗ. ಆಮೇಲೆ ನಾವು ಉಂಡು ಮರದ ನೆರಳಲ್ಲಿ ಉರುಳುವುದು. ಮಾಸ್ತರಿಕೆಯಿಂದ ನಿವೃತ್ತನಾದ ನನ್ನ ಸಾಗುವಳಿ ಎಂದರೆ ಮಾಳಿಗೆಯ ಮೇಲಿನ ತುಳಸಿ ಕುಂಡ. ಹಾಗಾಗಿ ಪ್ರತಿ ವರ್ಷ ಭಾಲ್ಕಿ ರಸ್ತೆಯ ಕೆರೆ ಪಕ್ಕ ಗೆಳೆಯ ವೀರಶೆಟ್ಟಿಯ ಹೊಲದಲ್ಲಿ ನಮ್ಮ ಊಟ. ಚರಗ ಚೆಲ್ಲುವುದು ಅವನು. ತಂಬಿಗೆ ಹಿಡಿದು ನೀರು ಚಿಮುಕಿಸುತ್ತಾ ಹಿಂದೆ ನಡೆಯುವುದು ನಾನು.

ಅವನ ಹೊಲಕ್ಕೂ ಕೆರೆಗೂ ನಡುವೆ ಒಂದಿಷ್ಟು ಜವುಗು ನೆಲವಿದೆ. ಕೆರೆ ತುಂಬಿದಾಗ ನೀರು ಕಾಲು ಚಾಚುವ ಜಾಗ. ಅದನ್ನು ಒಬ್ಬ ಬಿಲ್ಡರ್ ಕೊಂಡು ‘ನಗರ ಗ್ರಾಮ’ ಕಟ್ಟುತ್ತೇನೆಂದು ಹಲಗೆ ನೆಟ್ಟ. ಚಿತ್ರದಲ್ಲಿ ಗೋಡೆಗೆ ಗೋಡೆ ಅಂಟಿಸಿದ ಮನೆಗಳು, ಹಳ್ಳಿ ಎಂದು ಗುರುತು ಸಿಗಲಿ ಅಂತ ಬಾಗಿಲಲ್ಲೊಂದು ಸಿಮೆಂಟಿನ ಎತ್ತಿನ ಗಾಡಿ, ಕೆರೆಯಲ್ಲಿ ಹಂಸಗಳು. ನಮ್ಮ ಕೆರೆಯಲ್ಲಿ ನಾನು ಕಂಡಿದ್ದು ಎಮ್ಮೆ, ಎಮ್ಮೆಯ ಮೇಲೆ ಬೆಳ್ಳಕ್ಕಿ. ಊರಿಗೆ ಮನೆ ಬೇಡವೇ ಎಂದು ಅರ್ಧ ಊರು, ಕೆರೆ ಬೇಡವೇ ಎಂದು ಇನ್ನರ್ಧ ಊರು ಚಹಾದಂಗಡಿಯಲ್ಲಿ ಜಗಳಕ್ಕೆ ಬಿತ್ತು. ವೀರಶೆಟ್ಟಿಯ ಚಿಂತೆ ಮಾತ್ರ ಸರಳವಾಗಿತ್ತು. “ಅಲ್ಲಿ ಮಣ್ಣ ತುಂಬಿದ್ರ ನೀರು ಎಲ್ಲಿ ಹೋಗ್ತದ್ರಿ ಮಾಸ್ತರ? ಸೀದಾ ನನ್ನ ತೊಗರ್ಯಾಗ ಬಂದು ಕೂಡ್ತದ. ನನಗಿರೂದು ಅದೊಂದೇ ಹೊಲ.” ತಕರಾರು ಕೇಳಲು ಅಧಿಕಾರಿಗಳು ಸ್ಥಳಕ್ಕೇ ಬರುವವರಿದ್ದರು. ಅವರೆದುರು ಮಾತಾಡಲು ಕೆರೆಯ ಪರ ಇದ್ದವರೆಲ್ಲ ನನ್ನನ್ನು ಆರಿಸಿದರು. ವಿಷಯ ತಿಳಿದವನೆಂದಲ್ಲ, ಮೈಕಿಲ್ಲದೆ ಕೇಳಿಸುವ ದನಿಯೆಂದು.

ಅವರು ಬರುವ ಮುನ್ನ ಎಳ್ಳಮಾವಾಸ್ಯೆ ಬಂತು. ನಾನೂ ನನ್ನ ಹೆಂಡತಿಯೂ ಬುತ್ತಿ ಹಿಡಿದು ವೀರಶೆಟ್ಟಿಯ ಹೊಲಕ್ಕೆ ಹೋಗುತ್ತಿದ್ದರೆ ದಾರಿಯಲ್ಲೇ, ಆ ಜವುಗು ನೆಲದ ಮೇಲೆ, ಹಬ್ಬದೂಟಕ್ಕೆಂದು ಬಿಲ್ಡರ್ ಹಾಕಿಸಿದ ಶಾಮಿಯಾನಾ. ಬಿಲ್ಡರ್ ಸ್ವತಃ ಕೈ ಮುಗಿದು ಅಡ್ಡ ನಿಂತ. ಔರಾದ ಕಡೆಯವಳಾದ ನನ್ನ ಹೆಂಡತಿ ಮೆಲ್ಲಗೆ, “ಒಬ್ಬರ ಹೊಲದಾಗ ಭಜ್ಜಿ ಉಂಡ ಮ್ಯಾಲ ಅವರ ಮುಂದ ಬಾಯಿ ಏಳಂಗಿಲ್ಲ, ನಡೀರಿ,” ಎಂದಳು. ಹಬ್ಬದ ದಿನ ಕರೆದ ಊಟ ಒಲ್ಲೆನ್ನಬಾರದು ಎಂದು ನಾನು ಶಾಸ್ತ್ರ ಹೇಳಿದೆ. ಹೊಟ್ಟೆಗೆ ಬೇಕಾದ ಶಾಸ್ತ್ರ ನನಗೆ ಯಾವತ್ತೂ ಬಾಯಿಪಾಠ. ಉಂಡಾದ ಮೇಲೆ ಬಿಲ್ಡರ್, “ಸರ, ನಮಗ ಚರಗದ ಪದ್ಧತಿ ಗೊತ್ತಿಲ್ರಿ. ಹಿರೇರು, ನೀವೇ ಚೆಲ್ರಿ,” ಅಂದ. ಯಾರೋ ತಲೆಗೆ ರುಮಾಲು ಸುತ್ತಿದರು. ಜೀವನದಲ್ಲಿ ಮೊದಲ ಸಲ ನಾನು ಮುಂದೆ, ತಂಬಿಗೆ ಹಿಡಿದವರು ಹಿಂದೆ! ಸುಳ್ಳು ಯಾಕೆ, ಎದೆ ಉಬ್ಬಿತು. ಪ್ಲಾಟಿನ ಕಲ್ಲುಗಳ ಸುತ್ತ ಅಂಬಲಿ ಚೆಲ್ಲುತ್ತಾ, “ತಾಯಿ, ಹುಲುಸಾಗಿ ಬೆಳಿ! ಒಂದಕ್ಕ ನೂರಾಗು!” ಎಂದು ಮೈಕಿಲ್ಲದ ದನಿಯಲ್ಲಿ ಕೂಗಿದೆ. ಬದುವಿನಾಚೆ ವೀರಶೆಟ್ಟಿ ನಮಗಾಗಿ ಕಾಯುತ್ತಾ ನಿಂತಿದ್ದನ್ನು ಕಂಡದ್ದು ಆಮೇಲೆ.

ಅಧಿಕಾರಿಗಳು ಬಂದ ದಿನ ನಾನು ಗಂಟಲು ಸರಿಮಾಡಿಕೊಂಡು ಎದ್ದೆ. ಬಿಲ್ಡರ್ ನಗುತ್ತಾ, “ಈ ಸರ್ ಅವರೇ ನಮ್ಮ ಜಾಗಕ್ಕ ಚರಗ ಚೆಲ್ಲಿ ಹರಸ್ಯಾರ್ರಿ,” ಎಂದ. ಜನ ಗೊಳ್ಳೆಂದರು. ನಾನು ಕೆರೆ ಎಂದೆ, ನೀರು ಎಂದೆ, ಅಷ್ಟಕ್ಕೇ. ನಾಚಿಕೆಯಿಂದ ಕೂತುಬಿಟ್ಟೆ. ಕೊನೆಗೆ ವೀರಶೆಟ್ಟಿಯೇ ಎದ್ದು, ನೀರು ಎಲ್ಲಿಂದ ಬಂದು ಎಲ್ಲಿ ನಿಲ್ಲುತ್ತದೆ ಎಂದು ನಡೆದಾಡಿ ತೋರಿಸಿದ. ಮಳೆಗಾಲದಲ್ಲಿ ಮತ್ತೆ ನೋಡಿ ತೀರ್ಮಾನಿಸುತ್ತೇವೆಂದು ಅಧಿಕಾರಿಗಳು ಜೀಪು ಹತ್ತಿದರು.

ವಾಪಸ್ಸು ಬರುವಾಗ ವೀರಶೆಟ್ಟಿ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. “ಹೊಲ ಇದ್ದಾಂವ ಚರಗ ಚೆಲ್ಲಿದ್ರ ಜ್ವಾಳ ಬೆಳೀತದ್ರಿ ಮಾಸ್ತರ,” ಎಂದ, “ಹೊಲ ಇಲ್ಲದಾಂವ ಚೆಲ್ಲಿದ್ರ ಕಾಲೊನಿ ಬೆಳೀತದ.”

ಈಗ ಮಳೆಗಾಲ ಹತ್ತಿರವಾಗಿದೆ. ಹೋದಲ್ಲಿ ಬಂದಲ್ಲಿ ನಾನು ಭೂಮಿತಾಯಿಗೆ ಕೈ ಮುಗಿಯುತ್ತೇನೆ. ತಾಯಿ, ನನ್ನ ಆ ಹಾರೈಕೆಯನ್ನು ದಯವಿಟ್ಟು ಕಿವಿಗೆ ಹಾಕಿಕೊಳ್ಳಬೇಡ. ಮೂರು ದಶಕ ನನ್ನ ವಿದ್ಯಾರ್ಥಿಗಳು ಹಾಕಿಕೊಂಡಿಲ್ಲ, ನೀನೂ ಹಾಗೆಯೇ ಇದ್ದುಬಿಡು.